ಹಳೇ ಫೋನೇ ಗಾಡಿಯ ಟ್ರ್ಯಾಕರ್: ಲೊಕೇಷನ್ ಸೆಟ್ಟಿಂಗ್ ಪಳಗಿಸಿದ ನನ್ನ ಅನುಭವ

ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಯಿಂದ ಮಂಡ್ಯ, ಪಾಂಡವಪುರ, ಮದ್ದೂರು ಕಡೆಗೆ ಸಾಮಾನು ಹಾಕುವ ಏಳೆಂಟು ಗೂಡ್ಸ್ ಗಾಡಿಗಳು ಈಗ ಎಲ್ಲಿವೆ ಅನ್ನೋದು ಹಳೇ ಆಂಡ್ರಾಯ್ಡ್ ಫೋನ್‌ಗಳಿಂದಲೇ ಗೊತ್ತಾಗುತ್ತಿದೆ. ಬೇರೆ ಟ್ರ್ಯಾಕರ್ ಡಬ್ಬಿ ಹಾಕಿಸಿಲ್ಲ. ಟ್ರ್ಯಾಕರ್ ಮಾರುವವರು, ಪಕ್ಕದ ಮಂಡಿಯವರು, ಕೊನೆಗೆ ಡ್ರೈವರ್‌ಗಳೂ ಒಂದೇ ರಾಗ ಎಳೆದಿದ್ದರು: ಫೋನ್ ಲೊಕೇಷನ್ ನೆಚ್ಚಿಕೊಂಡರೆ ಮಧ್ಯಾಹ್ನಕ್ಕೇ ಕೈ ಕೊಡುತ್ತೆ ಅಂತ. ಮೊದಮೊದಲು ಕೊಟ್ಟಿದ್ದೂ ನಿಜ. ಆದರೆ ಕೈ ಕೊಟ್ಟದ್ದು ಜಿಪಿಎಸ್ ಅಲ್ಲ, ಅದರ ತಲೆ ಮೇಲೆ ಕೂತಿರೋ ಪರ್ಮಿಷನ್ ಮತ್ತು ಬ್ಯಾಟರಿ ಸೆಟ್ಟಿಂಗ್‌ಗಳು. ಅವನ್ನು ಒಂದೊಂದಾಗಿ ಸರಿಮಾಡಿದ ಮೇಲೆ ಬೆಳಗಿನ ಆರರಿಂದ ಸಂಜೆವರೆಗೆ ಮ್ಯಾಪಿನಲ್ಲಿ ಗಾಡಿಯ ಚುಕ್ಕಿ ತಪ್ಪದೆ ಓಡುತ್ತಿದೆ. ಈಗ ಅದೇ ಪಕ್ಕದ ಮಂಡಿಯವರು ಬಂದು ಕೇಳಿಕೊಂಡು ಹೋಗುತ್ತಿದ್ದಾರೆ.

ದುಡ್ಡಿನ ಲೆಕ್ಕ ಮೊದಲು. ವೈರ್ ಎಳೆದು ಕೂರಿಸುವ ಟ್ರ್ಯಾಕರ್‌ಗೆ ಗಾಡಿಗೆ ಮೂರು ಸಾವಿರದ ಆಸುಪಾಸು, ಎರಡನೇ ವರ್ಷದಿಂದ ಸಿಮ್ಮು, ಸರ್ವರ್ರು ಅಂತ ವರ್ಷಕ್ಕೆ ಸಾವಿರದ ಇನ್ನೂರೋ ಐನೂರೋ ಕೇಳಿದ್ದರು. ಫೋನ್ ದಾರಿಯಲ್ಲಿ ಒಳ್ಳೇ ಚಾರ್ಜರ್‌ಗೆ ನಾನೂರು, ಹೋಲ್ಡರ್‌ಗೆ ನೂರೈವತ್ತು, ಎಲ್ಲ ಗಾಡಿಗೂ ಸೇರಿ ಬಾಡಿಗೆ ಸರ್ವರ್‌ಗೆ ತಿಂಗಳಿಗೆ ನಾನೂರು ಚಿಲ್ಲರೆ. ಇದು ಗಿಟ್ಟಿದ್ದಕ್ಕೆ ಒಂದೇ ಕಾರಣ, ಗಾಡಿಗೊಂದು ಫೋನು, ರೀಚಾರ್ಜು ಮೊದಲೇ ಇತ್ತು. ಆರ್ಡರ್ ಕರೆಗೆ, ಇಳಿಸಿದ ಮಾಲಿನ ಫೋಟೋಗೆ. ಟ್ರ್ಯಾಕಿಂಗ್‌ಗೆಂದೇ ಹೊಸ ಸಿಮ್ ಹಾಕಿ ತಿಂಗಳಾ ತಿಂಗಳಾ ರೀಚಾರ್ಜ್ ಮಾಡಿಸೋದಾದರೆ ಲೆಕ್ಕ ತಲೆಕೆಳಗಾಗುತ್ತೆ, ಆಗ ಡಬ್ಬಿಯೇ ಅಗ್ಗ. ಪ್ರಯಾಣಿಕರ ಹಳದಿ ಬೋರ್ಡ್ ಗಾಡಿಗೆ ಎಐಎಸ್ 140 ಅನ್ನೋ ಮಾನದಂಡದ ಟ್ರ್ಯಾಕರ್ ಡಬ್ಬಿ ಕಡ್ಡಾಯ ಇರೋ ಕಡೆ ಫೋನ್ ಅದಕ್ಕೆ ಬದಲಿ ಆಗೋಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಫೋನಿನಿಂದ ಲೊಕೇಷನ್ ಕಳಿಸುವ ಆ್ಯಪ್ ಟ್ರಾಕ್ಕಾರ್ ಕ್ಲೈಂಟ್, ಅದನ್ನು ಪಡೆದು ಮ್ಯಾಪಿನಲ್ಲಿ ತೋರಿಸುವ ಸರ್ವರ್ ಟ್ರಾಕ್ಕಾರ್. ಎರಡೂ ಓಪನ್ ಸೋರ್ಸ್, ಬಿಟ್ಟಿ. ಹಾಕೋದು ಹೇಗೆ ಅಂತ ಇಲ್ಲಿ ಬರೆಯೋಲ್ಲ. ಆ್ಯಪ್‌ನಲ್ಲಿ ಲೊಕೇಷನ್ ಕಳಿಸುವ ಸಮಯದ ಅಂತರ 60ರಿಂದ 90 ಸೆಕೆಂಡ್, ದೂರ 100 ಮೀಟರ್, ತಿರುವಿನ ಕೋನ 30 ಡಿಗ್ರಿ, ಅಕ್ಯುರಸಿ ಹೈ, ಆಫ್‌ಲೈನ್ ಬಫರಿಂಗ್ ಆನ್. ಬಫರಿಂಗ್ ಇಲ್ಲದಿದ್ದರೆ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಓಡಿದ ದಾರಿ ಮಾಯ. ಇದ್ದರೆ ಸಿಗ್ನಲ್ ಸಿಕ್ಕಿದ ಕೂಡಲೆ ಹಿಂದಿನದೆಲ್ಲ ಒಟ್ಟಿಗೆ ಬಂದು ಬೀಳುತ್ತೆ.

ಈಗ ಕೆಟ್ಟಿದ್ದರ ಕಥೆ. ಬೆಳಗ್ಗೆ ಚುಕ್ಕಿ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಮದ್ದೂರಲ್ಲಿ ನಿಂತುಬಿಡುತ್ತೆ. ಡ್ರೈವರ್‌ಗೆ ಫೋನ್ ಮಾಡಿದರೆ ಅವನು ಶ್ರೀರಂಗಪಟ್ಟಣದಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಇದಕ್ಕೆ ಕಾರಣ ಹುಡುಕೋಕೇ ಜಾಸ್ತಿ ದಿನ ಹಿಡಿಯಿತು. ಆ್ಯಪ್ ಪರ್ಮಿಷನ್ 'ಆ್ಯಪ್ ಬಳಸುವಾಗ ಮಾತ್ರ' ಅಂತ ಇದ್ದರೂ, ಆ್ಯಪ್ ತೆರೆದಾಗ ಶುರುವಾದ ಟ್ರ್ಯಾಕಿಂಗ್ ಮೇಲೆ ನೋಟಿಫಿಕೇಶನ್ ತೋರಿಸಿಕೊಂಡು ಸ್ಕ್ರೀನ್ ಆಫ್ ಆದರೂ ನಡೆಯುತ್ತಲೇ ಇರುತ್ತೆ. ಅದಕ್ಕೇ ಟೆಸ್ಟ್ ಮಾಡುವಾಗ ಎಲ್ಲ ಸರಿ ಕಾಣೋದು. ಫೋನ್ ಒಮ್ಮೆ ಚಾರ್ಜ್ ಸತ್ತು ರೀಸ್ಟಾರ್ಟ್ ಆಯಿತೋ, ಆ್ಯಪ್ ಹಿನ್ನೆಲೆಯಲ್ಲಿ ತಾನೇ ಎದ್ದರೂ ಲೊಕೇಷನ್ ಸಿಗೋಲ್ಲ. ಯಾಕೆಂದರೆ ಈ ಸಲ ಯಾರೂ ಅದನ್ನು ತೆರೆದಿಲ್ಲ. ಚುಕ್ಕಿ ಸತ್ತ ಜಾಗದಲ್ಲೇ ಕೂತಿರುತ್ತೆ.

ಮದ್ದು 'ಎಲ್ಲಾ ಸಮಯದಲ್ಲೂ ಅನುಮತಿಸಿ'. ಆದರೆ ಆಂಡ್ರಾಯ್ಡ್ 11ರಿಂದ ಈ ಆಯ್ಕೆ ಪುಟಿದೇಳುವ ಪೆಟ್ಟಿಗೆಯಲ್ಲಿ ಬರೋದೇ ಇಲ್ಲ. ಸೆಟ್ಟಿಂಗ್ಸ್, ಲೊಕೇಷನ್, ಆ್ಯಪ್ ಪರ್ಮಿಷನ್ ಅಂತ ಒಳಗೆ ಹೋಗಿಯೇ ಒತ್ತಬೇಕು. ಅದೇ ಪುಟದಲ್ಲಿ 'ನಿಖರ ಲೊಕೇಷನ್ ಬಳಸಿ' ಅನ್ನೋ ಸ್ವಿಚ್ ಆಂಡ್ರಾಯ್ಡ್ 12ರಿಂದ ಇದೆ. ಅದು ಆಫ್ ಇದ್ದರೆ ಆ್ಯಪ್‌ಗೆ ಸಿಗೋದು ಸುಮಾರು ಮೂರು ಚದರ ಕಿಲೋಮೀಟರ್‌ನ ಅಂದಾಜು ಮಾತ್ರ. ಗಾಡಿ ದೇವರಾಜ ಮಾರುಕಟ್ಟೆ ಹತ್ತಿರ ಇದೆಯೋ ಅಗ್ರಹಾರದಲ್ಲಿದೆಯೋ ಅದಕ್ಕೆ ಗೊತ್ತಾಗೋಲ್ಲ. ಇನ್ನೂ ಕೆಳಗೆ, 'ಬಳಸದಿದ್ದರೆ ಪರ್ಮಿಷನ್ ತೆಗೆದುಹಾಕಿ' ಅನ್ನೋ ಥರದ ಒಂದು ಸ್ವಿಚ್ ಇರುತ್ತೆ. ಟ್ರ್ಯಾಕಿಂಗ್ ಆ್ಯಪನ್ನು ಯಾರೂ ತೆರೆದು ನೋಡೋಲ್ಲವಾದ್ದರಿಂದ ಕೆಲವು ತಿಂಗಳಾದ ಮೇಲೆ ಸಿಸ್ಟಮ್ಮು ಕೊಟ್ಟ ಅನುಮತಿ ಕಿತ್ತುಕೊಳ್ಳಬಹುದು. ಆ ಸ್ವಿಚ್ ಮೊದಲ ದಿನವೇ ಆಫ್.

ಇಷ್ಟೆಲ್ಲ ಮಾಡಿದರೂ ರೀಸ್ಟಾರ್ಟ್ ಆದ ಕೆಲವು ಫೋನ್ ಏಳಲಿಲ್ಲ. ಅದು ಸ್ಕ್ರೀನ್ ಲಾಕ್ ಕೆಲಸ. ಪಿನ್ ಹಾಕಿದ ಫೋನು ರೀಸ್ಟಾರ್ಟ್ ಆದ ಮೇಲೆ ಒಂದು ಸಲವಾದರೂ ಪಿನ್ ಒತ್ತಿ ತೆರೆಯುವವರೆಗೆ ಹೆಚ್ಚಿನ ಆ್ಯಪ್‌ಗಳ ಡೇಟಾ ಬೀಗದೊಳಗೇ ಇರುತ್ತೆ, ಆ್ಯಪ್ ಶುರುವೇ ಆಗೋಲ್ಲ. ಗಾಡಿ ಫೋನ್‌ಗಳಿಂದ ಪಿನ್ ತೆಗೆದೇಬಿಟ್ಟೆ. ಹಾಗೆ ಮಾಡೋದಾದರೆ ಆ ಫೋನಿನಲ್ಲಿ ಯುಪಿಐ ಆ್ಯಪ್ಪು, ಬ್ಯಾಂಕಿನ ಮೆಸೇಜು, ಸ್ವಂತ ಜಿಮೇಲು ಏನೂ ಇರಕೂಡದು. ದುಡ್ಡು ವಸೂಲಿಗೆ ಗಾಡಿ ಬಾಗಿಲಿಗೆ ಅಂಟಿಸಿದ ಕ್ಯೂಆರ್ ಸಾಕು.

ಬ್ಯಾಟರಿ ಸೆಟ್ಟಿಂಗ್ ಇನ್ನೊಂದು ಕಾಟ. ರೆಡ್ಮಿಯಲ್ಲಿ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ಸೇವರ್‌ನಲ್ಲಿ ಆ್ಯಪ್‌ಗೆ 'ನೋ ರಿಸ್ಟ್ರಿಕ್ಷನ್ಸ್' ಕೊಡಬೇಕು. ಸ್ಯಾಮ್‌ಸಂಗ್‌ನಲ್ಲಿ 'ನೆವರ್ ಸ್ಲೀಪಿಂಗ್ ಆ್ಯಪ್ಸ್' ಪಟ್ಟಿಗೆ ಸೇರಿಸಬೇಕು. ವಿವೋದಲ್ಲಿ ಹಿನ್ನೆಲೆಯಲ್ಲಿ ಹೆಚ್ಚು ಕರೆಂಟ್ ತಿನ್ನಲು ಬಿಡುವ ಆಯ್ಕೆ, ರಿಯಲ್‌ಮಿಯಲ್ಲಿ ಆಟೋ ಲಾಂಚ್ ಮತ್ತು ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ. ಮಾಡೆಲ್ಲಿಗೊಂದು ಹೆಸರು, ಅಪ್‌ಡೇಟ್ ಬಂದಾಗಲೆಲ್ಲ ಒಂದೊಂದು ಮೂಲೆಗೆ ಓಡಿರುತ್ತೆ. ಇದಕ್ಕಿಂತ ಮೋಸದ್ದು ಬ್ಯಾಟರಿ ಸೇವರ್. ಚಾರ್ಜ್ 20 ಪರ್ಸೆಂಟ್‌ಗೆ ಇಳಿದಾಗ ಅದು ತಾನಾಗೇ ಆನ್ ಆಗುವಂತೆ ಇದ್ದರೆ, ಸ್ಕ್ರೀನ್ ಆಫ್ ಆದ ಕೂಡಲೆ ಲೊಕೇಷನ್ ನಿಲ್ಲಿಸಿಬಿಡಬಹುದು. ಡ್ರೈವರ್ ಸ್ಕ್ರೀನ್ ಆನ್ ಮಾಡಿ ಮ್ಯಾಪ್ ನೋಡಿದರೆ ಬರುತ್ತೆ, ಜೇಬಿಗೆ ಹಾಕಿದರೆ ಹೋಗುತ್ತೆ. 'ನನ್ನ ಫೋನಲ್ಲಿ ಕರೆಕ್ಟಾಗೇ ಇದೆಯಲ್ಲ ಸಾರ್' ಅಂತ ಅವನು ಹೇಳಿದ್ದೂ ಸುಳ್ಳಲ್ಲ. ಆಟೋಮ್ಯಾಟಿಕ್ ಸೇವರ್ ತೆಗೆದುಹಾಕಿ. ಡೇಟಾ ಸೇವರ್ ಬೇಕೇಬೇಕು ಅಂದರೆ ಈ ಆ್ಯಪ್‌ಗೆ ವಿನಾಯಿತಿ ಕೊಡಿ.

ಚಾರ್ಜರ್ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ, ಮಜಾ ಇತ್ತು. ಎರಡು ಮೂರು ಗಾಡಿಗಳಲ್ಲಿ ಚುಕ್ಕಿ ರಸ್ತೆ ಬಿಟ್ಟು ಕಬ್ಬಿನ ಗದ್ದೆಯೊಳಗೆ ಓಡಾಡುತ್ತಿತ್ತು. ಫೋನ್ ಬದಲಿಸಿದರೂ ಅದೇ ಕಥೆ. ಜಿಪಿಎಸ್‌ಟೆಸ್ಟ್ ಆ್ಯಪ್ ತೆರೆದು ಉಪಗ್ರಹಗಳ ಸಿಗ್ನಲ್ ಪಟ್ಟಿ ನೋಡುತ್ತಾ ಚಾರ್ಜರ್ ಸಿಕ್ಕಿಸಿ, ಕಿತ್ತು, ಮತ್ತೆ ಸಿಕ್ಕಿಸಿ ನೋಡಿ. ಬಯಲಿನಲ್ಲಿ 35ರಿಂದ 42ರವರೆಗೆ ಇದ್ದ ಸಿಗ್ನಲ್ ಬಲದ ಅಂಕಿ, ನೂರು ರೂಪಾಯಿಯ ಯುಎಸ್‌ಬಿ ಚಾರ್ಜರ್ ಸಿಕ್ಕಿಸಿದ ಕೂಡಲೆ ಎಂಟು ಹತ್ತು ಕೆಳಗೆ ಬಿತ್ತು. ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಗ್ರಹಗಳೂ ಕಡಿಮೆಯಾದವು. ಅಗ್ಗದ ಚಾರ್ಜರ್ ಒಳಗಿನ ಸ್ವಿಚಿಂಗ್ ಸರ್ಕ್ಯೂಟ್ ರೇಡಿಯೋ ಗದ್ದಲ ಮಾಡುತ್ತೆ, ಉಪಗ್ರಹದ ಸಿಗ್ನಲ್ಲು ಮೊದಲೇ ಬಲು ಕ್ಷೀಣ. ನಾನೂರು ರೂಪಾಯಿಯದು ಹಾಕಿ, ವೈರನ್ನು ಫೋನಿನ ಮೇಲ್ತುದಿಯಿಂದ ದೂರ ಎಳೆದು ಕಟ್ಟಿದ ಮೇಲೆ ಗದ್ದೆ ಸುತ್ತೋದು ನಿಂತಿತು. ಫೋನನ್ನು ಗ್ಲೋವ್ ಬಾಕ್ಸಲ್ಲಿಟ್ಟರೆ ಅಂಕಿ ಇಪ್ಪತ್ತರ ಹತ್ತಿರಕ್ಕೆ ಇಳಿಯುತ್ತೆ, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗಿಟ್ಟರೆ ಏಪ್ರಿಲ್‌ನಲ್ಲಿ ಕಾದು ಚಾರ್ಜಿಂಗೇ ನಿಲ್ಲಿಸುತ್ತೆ, ಬ್ಯಾಟರಿ ಊದಿಕೊಂಡು ಹಿಂಬದಿ ಮುಚ್ಚಳ ಎತ್ತುತ್ತೆ. ಅಂಥ ಒಂದೆರಡು ಫೋನ್ ಗುಜರಿಗೆ ಹೋದವು. ಕ್ಲೀನರ್ ಬದಿಯ ಕಂಬದ ಬುಡದಲ್ಲಿ, ಗಾಜಿಗೆ ಹತ್ತಿರ ಆದರೆ ನೇರ ಬಿಸಿಲು ಬೀಳದ ಜಾಗ ಒಳ್ಳೇದು. ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಿಸುವ ಸೌಲಭ್ಯ ಇದ್ದರೆ ಆನ್ ಮಾಡಿ.

ಜಿಪಿಎಸ್‌ಟೆಸ್ಟ್‌ನಲ್ಲಿ ದೇಶದೇಶದ ಬಾವುಟ ಕಾಣುತ್ತೆ, ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಹಿಡಿಯುವ ಫೋನಾದರೆ ನಮ್ಮದೂ ಕಾಣುತ್ತೆ. ಫೋನ್ ಆರಿಸುವಾಗ ನಾನು ನೋಡೋದು ಬಾವುಟ ಅಲ್ಲ, ಉಪಗ್ರಹಗಳು ಕಳಿಸುವ ಸಿಗ್ನಲ್‌ಗಳಲ್ಲಿ ಮಾಮೂಲಿ ಎಲ್1 ತರಂಗದ ಜತೆ ಎಲ್5 ತರಂಗವನ್ನೂ ಹಿಡಿಯುತ್ತೋ ಅಂತ. ಸಯ್ಯಾಜಿರಾವ್ ರಸ್ತೆ ಹಿಂದಿನ ಇಕ್ಕಟ್ಟು ಗಲ್ಲಿಗಳಲ್ಲಿ ಗೋಡೆಗೆ ಬಡಿದು ಬರುವ ಸಿಗ್ನಲ್‌ಗೆ ಬರೀ ಎಲ್1 ಫೋನು ಪಕ್ಕದ ಬೀದಿ ತೋರಿಸುತ್ತೆ. ಎಲ್5 ಇರುವುದು ಅಷ್ಟು ಮೋಸ ಹೋಗೋಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ ಮಾತ್ರ ಯಾವುದೂ ಸಾಲದು. ಮೇನ್ ರಸ್ತೆಗೂ ಸರ್ವೀಸ್ ರಸ್ತೆಗೂ ಇರೋದೇ ಹತ್ತು ಹದಿನೈದು ಮೀಟರ್, ಫೋನಿನ ತಪ್ಪೇ ಐದು ಹತ್ತು ಮೀಟರ್. 2023ರ ಆಗಸ್ಟ್‌ನಿಂದ ಆಟೋಗಳಿಗೆ ಮೇನ್ ರಸ್ತೆ ಇಲ್ಲ. ನಮ್ಮ ಮೂರು ಚಕ್ರದ ಗಾಡಿ ಅದರ ಮೇಲೆ ಓಡುತ್ತಿದೆ ಅಂತ ಮ್ಯಾಪ್ ತೋರಿಸಿದರೆ ಡ್ರೈವರ್ ಮೇಲೆ ರೇಗಬೇಡಿ. ಮಂಡ್ಯ ಬೈಪಾಸ್‌ನಲ್ಲಿ ಹೋದನೋ ಊರೊಳಗಿನ ಹಳೇ ರಸ್ತೆಯಲ್ಲಿ ಹೋದನೋ ಅನ್ನೋದು ಮಾತ್ರ ನಿಚ್ಚಳ.

ವೈ-ಫೈ ಸ್ಕ್ಯಾನಿಂಗ್ ಬಗ್ಗೆ. ಲೊಕೇಷನ್ ಸರ್ವೀಸಸ್ ಒಳಗೆ ಇದು ಆನ್ ಇದ್ದರೆ, ವೈ-ಫೈ ಆಫ್ ಮಾಡಿದ್ದರೂ ಫೋನು ಸುತ್ತಲಿನ ರೌಟರ್‌ಗಳನ್ನು ನೋಡಿ ಜಾಗ ಅಂದಾಜು ಮಾಡುತ್ತೆ. ಊರೊಳಗೆ ಒಳ್ಳೇದೇ. ಕುವೆಂಪುನಗರದ ಗೋಡೌನು ಮಂಡ್ಯಕ್ಕೆ ಸ್ಥಳಾಂತರ ಆದಾಗ ಅಲ್ಲಿನ ಎರಡು ರೌಟರ್ರೂ ಜತೆಗೇ ಬಂದವು. ತಗಡಿನ ಶೀಟಿನ ಕೆಳಗೆ ಜಿಪಿಎಸ್ ಸಿಗದೆ, ಮಂಡ್ಯದಲ್ಲಿ ನಿಂತ ಗಾಡಿ ಇದ್ದಕ್ಕಿದ್ದಂತೆ ಕುವೆಂಪುನಗರಕ್ಕೆ ಹಾರುತ್ತಿತ್ತು. ಗೂಗಲ್ ಪಟ್ಟಿಯಲ್ಲಿ ರೌಟರ್‌ಗಳ ಹಳೇ ವಿಳಾಸವೇ ಇತ್ತು. ಎರಡು ಮೂರು ವಾರದಲ್ಲಿ ಅದು ತಾನೇ ಸರಿಹೋಯಿತು. ರೌಟರ್ ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಅಂಡರ್‌ಸ್ಕೋರ್ ಹಾಕಿ ನೋಮ್ಯಾಪ್ ಅಂತ ಸೇರಿಸಿದರೆ ಗೂಗಲ್ ಆ ರೌಟರನ್ನು ಲೊಕೇಷನ್‌ಗೆ ಬಳಸುವುದಿಲ್ಲ. ಸರ್ವರ್‌ನಲ್ಲೂ ಜರಡಿ ಇದೆ: ಅಕ್ಯುರಸಿ ನೂರು ಮೀಟರ್‌ಗಿಂತ ಕೆಟ್ಟದ್ದು ಬೇಡ, ಇಂತಿಷ್ಟಕ್ಕಿಂತ ಜಾಸ್ತಿ ವೇಗದ ಹಾರಾಟ ಬೇಡ ಅಂತ ಹಾಕಬಹುದು. ಹುಷಾರು, ಟ್ರಾಕ್ಕಾರ್ ವೇಗವನ್ನು ನಾಟ್‌ನಲ್ಲಿ ಅಳೆಯುತ್ತೆ. 80 ಅಂತ ಹಾಕಿದರೆ ಅದು ಗಂಟೆಗೆ 148 ಕಿಲೋಮೀಟರ್.

ಬೆಳಗಿನ ಮೊದಲ ಚುಕ್ಕಿ ತಡವಾಗೋದಕ್ಕೆ ಉಪಾಯ ಸುಲಭ. ರಾತ್ರಿಯೆಲ್ಲ ಆಫ್ ಇದ್ದ ಫೋನ್‌ಗೆ ಯಾವ ಉಪಗ್ರಹ ಎಲ್ಲಿದೆ ಅನ್ನೋ ಹೊಸ ಲೆಕ್ಕ ಬೇಕು. ಡೇಟಾ ಆನ್ ಇದ್ದರೆ ನೆಟ್‌ನಿಂದ ಕ್ಷಣದಲ್ಲಿ ಬರುತ್ತೆ, ಇಲ್ಲದಿದ್ದರೆ ಉಪಗ್ರಹದಿಂದಲೇ ಅರ್ಧ ಅರ್ಧ ನಿಮಿಷದ ಕಂತಿನಲ್ಲಿ, ನಡುವೆ ಸಿಗ್ನಲ್ ತುಂಡಾಗದಂತೆ ಬರಬೇಕು. ಗೋಡೌನಿಂದ ಹೊರಗೆ ತಂದು, ಡೇಟಾ ಆನ್ ಮಾಡಿ, ಒಂದು ನಿಮಿಷ ಬಯಲಲ್ಲಿ ನಿಲ್ಲಿಸಿ ಹೊರಡಿ. ನಮ್ಮ ಕಡೆ ರೈತರು ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಒದ್ದಾಡುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಹೊಲದ ನಡುವೆ ನಿಂತಿದ್ದರೂ ಆ್ಯಪು ಒಪ್ಪದಿದ್ದರೆ 'ನಿಖರ ಲೊಕೇಷನ್' ಆನ್ ಇದೆಯೋ ನೋಡಿ, ಮರದ ಕೆಳಗಿಂದ ಹೊರಗೆ ಬಂದು ಗೂಗಲ್ ಮ್ಯಾಪ್‌ನಲ್ಲಿ ನೀಲಿ ಚುಕ್ಕಿಯ ಸುತ್ತಲಿನ ತಿಳಿ ವೃತ್ತ ಚಿಕ್ಕದಾಗುವವರೆಗೆ ಕಾಯಿರಿ, ಆಮೇಲೆ ಆ್ಯಪ್ ತೆರೆಯಿರಿ. ಎಷ್ಟೋ ಜನರಿಗೆ ಹೀಗೇ ಬಗೆಹರಿದಿದೆ.

ಮಿಕ್ಕ ಆ್ಯಪ್‌ಗಳಿಗೆ ಕತ್ತರಿ. ಬ್ಯಾಟರಿ ಉಳಿಸೋಕೆ ಮೇಲಿನ ಲೊಕೇಷನ್ ಸ್ವಿಚ್ಚನ್ನೇ ಆಫ್ ಮಾಡಿಕೊಂಡು ಓಡಾಡುವವರಿದ್ದಾರೆ. ಅದು ತಪ್ಪು ಮದ್ದು. ಆಂಡ್ರಾಯ್ಡ್ 12ರಿಂದ ಪ್ರೈವಸಿ ಡ್ಯಾಶ್‌ಬೋರ್ಡ್ ಇದೆ, ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಲೊಕೇಷನ್ ಕೇಳಿತು ಅಂತ ತೋರಿಸುತ್ತೆ. ಫೋಟೋ ಎಡಿಟರ್ರು, ಸಾಲದ ಆ್ಯಪ್ಪು, ಹವಾಮಾನದ ವಿಜೆಟ್ಟು ಸಾಲುಸಾಲಾಗಿ ಕಾಣುತ್ತವೆ. ಹವಾಮಾನಕ್ಕೆ ಅಂದಾಜು ಲೊಕೇಷನ್ ಸಾಕು, ಎಡಿಟರ್‌ಗೆ ಏನೂ ಬೇಡ. ಹೀಗೆ ಸೋಸಿದ ಮೇಲೆ ಚಾರ್ಜರ್ ಹಾಕದ ಫೋನೂ ಸಂಜೆಗೆ ಮೂವತ್ತು ನಲವತ್ತು ಪರ್ಸೆಂಟ್ ಉಳಿಸಿಕೊಂಡು ಬರುತ್ತಿದೆ. ಇಳಿಸಿದ ಮಾಲಿನ ಫೋಟೋಗೆ ಜಾಗದ ಗುರುತು ಬೇಕೆಂದರೆ ಕ್ಯಾಮೆರಾದಲ್ಲಿ ಲೊಕೇಷನ್ ಟ್ಯಾಗ್ ಆನ್ ಇರಲಿ, ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಅಕ್ಷಾಂಶ ರೇಖಾಂಶ ಅಳಿಸಿಹೋಗುತ್ತೆ. ಮನೆಯ ಫೋಟೋ ಕಂಡವರಿಗೆ ಕಳಿಸುವಾಗ ಅದೇ ಲಾಭ.

ಫೇಕ್ ಜಿಪಿಎಸ್ ಆ್ಯಪ್ ಹಾಕಿ ಕೂತಲ್ಲೇ ಗಾಡಿ ಓಡಿಸುವ ಜಾಣರೂ ಉಂಟು. ಡೆವಲಪರ್ ಆಪ್ಷನ್ಸ್‌ನಲ್ಲಿ ಸುಳ್ಳು ಜಾಗ ತೋರಿಸಲು ಬಿಡುವ 'ಮಾಕ್ ಲೊಕೇಷನ್' ಆಯ್ಕೆ ನೋಡಿದರೆ ಅರ್ಧ ಜನ ಸಿಕ್ಕಿಬೀಳುತ್ತಾರೆ. ಉಳಿದರ್ಧವನ್ನು ಹಿಡಿಯುವ ವಿದ್ಯೆ ಇಲ್ಲಿ ಬರೆದರೆ ನಾಳೆ ಅದೂ ಕೆಲಸ ಮಾಡೋಲ್ಲ, ಬಿಟ್ಟಿದ್ದೇನೆ.

ಡ್ರೈವರ್‌ಗಳು ಒಪ್ಪಿದ್ದು ಒಂದೇ ಷರತ್ತಿಗೆ: ಡ್ಯೂಟಿ ಮುಗಿದ ಮೇಲೆ ಆ್ಯಪ್‌ನ ಸ್ವಿಚ್ ಅವರೇ ಆಫ್ ಮಾಡುತ್ತಾರೆ, ಯಾಕೆ ಅಂತ ಯಾರೂ ಕೇಳಕೂಡದು. ಆ ಮಾತು ಕೊಡುವ ಮುಂಚೆ ದಿನಕ್ಕೊಬ್ಬ ಏರೋಪ್ಲೇನ್ ಮೋಡ್ ಹಾಕುತ್ತಿದ್ದ, ಆರ್ಡರ್ ಕರೆಯೂ ಸಿಗುತ್ತಿರಲಿಲ್ಲ. ಹಳೇ ದಾರಿಗಳನ್ನು ಗುಡ್ಡೆ ಹಾಕಿಕೊಂಡು ಕೂರುವುದೂ ಬೇಡ. ಸರ್ವರ್ ಕಾನ್ಫಿಗ್ ಫೈಲಿನಲ್ಲಿ ಹಿಸ್ಟರಿ ಡೇಸ್ 31 ಅಂತ ಹಾಕಿದೆ. ಡೀಸೆಲ್ ಲೆಕ್ಕ ತಿಂಗಳಿಗೊಮ್ಮೆ ಮುಗಿಯುತ್ತೆ, ಅದಕ್ಕಿಂತ ಹಳೇದು ತಾನೇ ಅಳಿಸಿಹೋಗುತ್ತೆ.