ಸ್ಟೇಟಸ್ ಬಾರ್‌ನಲ್ಲಿ ಒತ್ತಿದರೆ ತೆರೆಯುವ ಲಿಂಕ್

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ; ಸಿ ಶಾರ್ಪ್ ಭಾಷೆ, ಪರದೆಗಳನ್ನು ಕಟ್ಟಲು ವಿಂಡೋಸ್ ಫಾರ್ಮ್ಸ್. ಸಂಜೆ ವ್ಯಾಪಾರ ಮುಗಿದ ಮೇಲೆ ಗುಮಾಸ್ತರು ಬ್ಯಾಕಪ್ ಬಟನ್ ಒತ್ತುತ್ತಾರೆ, ಕೆಳಗೆ ಸ್ಟೇಟಸ್ ಬಾರ್‌ನಲ್ಲಿ ‘ಬ್ಯಾಕಪ್ ಆಯಿತು’ ಅಂತ ಬರುತ್ತದೆ. ಒಂದು ದಿನ ಫೋನ್ ಮಾಡಿದರು: “ಮೇಡಂ, ಆಯಿತು ಅಂತೇನೋ ಬರ್ತದೆ. ಎಲ್ಲಿ ಆಯಿತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಪೆನ್ ಡ್ರೈವ್‌ಗೆ ಹಾಕ್ಕೊಂಡು ಮನೆಗೆ ಒಯ್ಯಬೇಕಲ್ಲ.” ಅವರು ಕೇಳಿದ್ದು ನ್ಯಾಯವೇ. ಫೋಲ್ಡರ್ ಹೆಸರು ತೋರಿಸಿದರೆ ಸಾಲದು, ಅಲ್ಲೇ ಒತ್ತಿದರೆ ಫೋಲ್ಡರ್ ತೆರೆಯಬೇಕು.

ಟೂಲ್‌ಬಾಕ್ಸ್‌ನಿಂದ ಸ್ಟೇಟಸ್‌ಸ್ಟ್ರಿಪ್ (ಸ್ಟೇಟಸ್ ಬಾರ್ ಆಗುವ ಪಟ್ಟಿ) ಎಳೆದು ಫಾರ್ಮ್ ಮೇಲೆ ಬಿಡಿ; ತಾನಾಗಿ ತಳಕ್ಕೆ ಹೋಗಿ ಕೂರುತ್ತದೆ. ಅದರೊಳಗೆ ಎರಡು ಸ್ಟೇಟಸ್‌ಲೇಬಲ್ ಹಾಕಿ. ಮೊದಲನೆಯದು ಬರೀ ಸಂದೇಶಕ್ಕೆ, ಎರಡನೆಯದು ಲಿಂಕ್‌ಗೆ. ಎರಡನೆಯದರ ಪ್ರಾಪರ್ಟೀಸ್‌ನಲ್ಲಿ ಈಸ್‌ಲಿಂಕ್ ಅನ್ನು ಟ್ರೂ ಮಾಡಿ. ಅಕ್ಷರ ನೀಲಿಯಾಗಿ ಅಡಿಗೆರೆ ಬರುತ್ತದೆ, ಮೌಸ್ ಅಲ್ಲಿಗೆ ಹೋದರೆ ಕೈ ಗುರುತು ಮೂಡುತ್ತದೆ. ಆದರೆ ಇಷ್ಟರಿಂದ ಏನೂ ತೆರೆಯುವುದಿಲ್ಲ. ಈಸ್‌ಲಿಂಕ್ ಕೊಡುವುದು ಲಿಂಕಿನ ರೂಪ ಮಾತ್ರ. ಲಿಂಕ್‌ಲೇಬಲ್ ಬಳಸಿ ರೂಢಿಯಾದವರು ಇಲ್ಲೂ ಲಿಂಕ್‌ಕ್ಲಿಕ್ಡ್ ಇವೆಂಟ್ ಹುಡುಕುತ್ತಾ ಕೂರುತ್ತಾರೆ. ಸ್ಟೇಟಸ್‌ಲೇಬಲ್‌ಗೆ ಅದಿಲ್ಲ, ಸಾಮಾನ್ಯ ಕ್ಲಿಕ್ ಇವೆಂಟ್‌ಗೇ ಕೋಡ್ ಬರೆಯಬೇಕು.

ತೆರೆಯಬೇಕಾದ ಫೋಲ್ಡರಿನ ಪಾತ್ (ಅದು ಕಂಪ್ಯೂಟರಿನಲ್ಲಿ ಎಲ್ಲಿದೆ ಅನ್ನುವ ಗುರುತು) ಅಥವಾ ಜಾಲತಾಣದ ವಿಳಾಸವನ್ನು ಲೇಬಲ್‌ನ ಟ್ಯಾಗ್ ಪ್ರಾಪರ್ಟಿಯಲ್ಲಿ ಇಡುವುದು ನನಗೆ ಒಗ್ಗಿದ ಪದ್ಧತಿ. ಬ್ಯಾಕಪ್ ಮುಗಿದ ಕೂಡಲೇ ಆ ಫೋಲ್ಡರಿನ ಪಾತ್ ಟ್ಯಾಗ್‌ಗೆ ಹೋಗುತ್ತದೆ. ಕ್ಲಿಕ್ ಫಂಕ್ಷನ್ ತನ್ನನ್ನು ಕರೆದ ಲೇಬಲ್‌ನ ಟ್ಯಾಗ್ ಓದಿ ಅದನ್ನೇ ತೆರೆಯುತ್ತದೆ, ಹಾಗಾಗಿ ಎಷ್ಟು ಲಿಂಕ್ ಇದ್ದರೂ ಒಂದೇ ಫಂಕ್ಷನ್ ಸಾಕು. ಆಮೇಲೆ ನಾನು ‘ಇವತ್ತಿನ ಧಾರಣೆ’ ಅಂತ ಇನ್ನೊಂದು ಲಿಂಕ್ ಸೇರಿಸಿದೆ. ಒತ್ತಿದರೆ ಮಾರುಕಟ್ಟೆ ದರ ತೋರಿಸುವ ಸರ್ಕಾರಿ ಜಾಲತಾಣ ಕೃಷಿ ಮಾರಾಟ ವಾಹಿನಿಯ ಪುಟ ಬ್ರೌಸರ್‌ನಲ್ಲಿ ತೆರೆಯುತ್ತದೆ; ರಾಶಿ, ಬೆಟ್ಟೆ, ಗೊರಬಲು ಅಡಿಕೆಯಲ್ಲಿ ಯಾವುದಕ್ಕೆ ಎಷ್ಟಿದೆ ಅಂತ ಬಿಲ್ ಹಾಕುವಾಗಲೇ ನೋಡಿಕೊಳ್ಳುತ್ತಾರೆ. ಇದಕ್ಕೆ ಹೊಸದಾಗಿ ಒಂದು ಸಾಲು ಕೋಡ್ ಕೂಡ ಬರೆಯಲಿಲ್ಲ.

ತೆರೆಯುವ ಕೆಲಸ ಪ್ರೋಸೆಸ್.ಸ್ಟಾರ್ಟ್‌ನದು. ನಾನು ಪೆಟ್ಟು ತಿಂದದ್ದು ಇಲ್ಲೇ. ಸಿ ಶಾರ್ಪ್ ಪ್ರೋಗ್ರಾಂ ಓಡಲು ಬೇಕಾದ ಡಾಟ್‌ನೆಟ್‌ನ ಹಳೆಯ ಸಾಲಿನದು, ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಅದರಲ್ಲಿ ಪ್ರೋಸೆಸ್.ಸ್ಟಾರ್ಟ್‌ಗೆ ವಿಳಾಸ ಕೊಟ್ಟರೆ ಸಾಕು, ಬ್ರೌಸರ್ ತೆರೆಯುತ್ತಿತ್ತು. ಡಾಟ್‌ನೆಟ್ 8ಕ್ಕೆ ಬದಲಾಯಿಸಿದಾಗ ಬಿಲ್, ಪ್ರಿಂಟ್, ಲೆಡ್ಜರ್ ಎಲ್ಲ ಪರೀಕ್ಷಿಸಿದೆ, ಲಿಂಕ್ ಒತ್ತಿ ನೋಡಲಿಲ್ಲ. ಮರುದಿನ ಗುಮಾಸ್ತರು ‘ಇವತ್ತಿನ ಧಾರಣೆ’ ಒತ್ತಿದರೆ ಫೈಲ್ ಸಿಗಲಿಲ್ಲ ಅನ್ನುವ ಎರರ್. ಕಾರಣ ಇಷ್ಟೇ: ಯೂಸ್‌ಶೆಲ್‌ಎಕ್ಸಿಕ್ಯೂಟ್ ಅನ್ನುವ ಸೆಟ್ಟಿಂಗ್ ಹಳೆಯದರಲ್ಲಿ ಮೊದಲಿನಿಂದಲೇ ಟ್ರೂ, ಹೊಸ ಸಾಲಿನ ಡಾಟ್‌ನೆಟ್ ಕೋರ್‌ನಿಂದ ಈಚೆಗೆ, 8ರಲ್ಲೂ, ಫಾಲ್ಸ್. ಫಾಲ್ಸ್ ಇದ್ದಾಗ ಕೊಟ್ಟದ್ದನ್ನು ಓಡಿಸಬೇಕಾದ ಪ್ರೋಗ್ರಾಂ ಅಂತಲೇ ತಿಳಿಯುತ್ತದೆ, ಯಾವುದನ್ನು ಯಾವುದರಲ್ಲಿ ತೆರೆಯಬೇಕು ಅಂತ ವಿಂಡೋಸನ್ನು ಕೇಳುವುದಿಲ್ಲ. ಆದ್ದರಿಂದ ಪ್ರೋಸೆಸ್‌ಸ್ಟಾರ್ಟ್‌ಇನ್ಫೋ ಮಾಡಿಕೊಂಡು, ಫೈಲ್‌ನೇಮ್‌ಗೆ ಟ್ಯಾಗ್‌ನಲ್ಲಿರುವುದನ್ನು ಕೊಟ್ಟು, ಯೂಸ್‌ಶೆಲ್‌ಎಕ್ಸಿಕ್ಯೂಟ್ ಅನ್ನು ನೀವೇ ಟ್ರೂ ಮಾಡಿ. ಫೋಲ್ಡರ್‌ಗೂ ಜಾಲತಾಣಕ್ಕೂ ಇದೇ ಸಾಕು.

ಹೀಗೆ ಮಾಡಿದ ಮೇಲೆ ಒಂದು ಎಚ್ಚರ ಬೇಕು. ಟ್ಯಾಗ್‌ನಲ್ಲಿ ಪ್ರೋಗ್ರಾಂ ಫೈಲಿನ ಪಾತ್ ಇದ್ದರೆ ಅದೂ ಓಡಿಬಿಡುತ್ತದೆ. ಬಳಸುವವರು ಟೈಪ್ ಮಾಡಿದ್ದನ್ನೋ ಹೊರಗಿನ ಫೈಲಿನಿಂದ ಓದಿದ್ದನ್ನೋ ನೇರ ಟ್ಯಾಗ್‌ಗೆ ಹಾಕಬೇಡಿ. ಫೋಲ್ಡರ್ ಆದರೆ ತೆರೆಯುವ ಮುಂಚೆ ಅದು ಇದೆಯೋ ಇಲ್ಲವೋ ಡೈರೆಕ್ಟರಿ.ಎಕ್ಸಿಸ್ಟ್ಸ್‌ನಿಂದ ನೋಡಿ. ಬ್ಯಾಕಪ್ ಪೆನ್ ಡ್ರೈವ್‌ಗೇ ಹೋಗಿ, ಅವರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ, ‘ಪೆನ್ ಡ್ರೈವ್ ಸಿಗುತ್ತಿಲ್ಲ, ಮತ್ತೆ ಹಾಕಿ’ ಅಂತ ಕನ್ನಡದಲ್ಲೇ ಹೇಳಿದರೆ ನಿಮಗೆ ಫೋನ್ ಬರುವುದಿಲ್ಲ.

ಇನ್ನು ಜಾಗದ ವಿಚಾರ. ಮಂಡಿಯಲ್ಲಿರುವುದು 1024×768ರ ಹಳೆಯ ಮಾನಿಟರ್. ನನ್ನ ದೊಡ್ಡ ಪರದೆಯಲ್ಲಿ ಚೆಂದ ಕಂಡ ಲಿಂಕ್ ಅಲ್ಲಿ ಇರಲೇ ಇಲ್ಲ. ಸ್ಟೇಟಸ್‌ಸ್ಟ್ರಿಪ್‌ನಲ್ಲಿ ಹಿಡಿಸದ ಲೇಬಲ್ ಅರ್ಧ ಕತ್ತರಿಸಿದಂತೆ ಕಾಣುವ ಬದಲು ಪೂರ್ತಿ ಮಾಯವಾಗುತ್ತದೆ. ಅದಕ್ಕೇ ಲಿಂಕ್‌ನಲ್ಲಿ ಇಡೀ ಪಾತ್ ಬರೆಯದೆ ‘ಬ್ಯಾಕಪ್ ಫೋಲ್ಡರ್’ ಅಂತ ಎರಡೇ ಪದ ಇಟ್ಟೆ. ಸಂದೇಶದ ಲೇಬಲ್‌ಗೆ ಸ್ಪ್ರಿಂಗ್ ಟ್ರೂ ಮಾಡಿದರೆ ಉಳಿದ ಜಾಗವನ್ನೆಲ್ಲ ಅದೇ ತುಂಬಿಕೊಂಡು ಲಿಂಕ್‌ಗಳನ್ನು ಬಲತುದಿಗೆ ತಳ್ಳುತ್ತದೆ. ಆಗ ಸಂದೇಶ ನಡುವೆ ಬಂದು ನಿಲ್ಲುತ್ತದೆ, ಟೆಕ್ಸ್ಟ್‌ಅಲೈನ್ ಅನ್ನು ಮಿಡಲ್‌ಲೆಫ್ಟ್ ಮಾಡಿ.

ಪೂರ್ತಿ ಪಾತ್ ಟೂಲ್‌ಟಿಪ್‌ನಲ್ಲಿ ಇರಲಿ. ಲೇಬಲ್‌ನ ಟೂಲ್‌ಟಿಪ್‌ಟೆಕ್ಸ್ಟ್ ತುಂಬಿದರೂ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ: ಸ್ಟೇಟಸ್‌ಸ್ಟ್ರಿಪ್‌ನ ಶೋಐಟಂಟೂಲ್‌ಟಿಪ್ಸ್ ಮೊದಲಿಗೆ ಫಾಲ್ಸ್ ಇರುತ್ತದೆ, ಅದನ್ನು ಟ್ರೂ ಮಾಡಿ.