ಹುಬ್ಬಳ್ಳಿಯಿಂದ ಮಂಗಳೂರಿಗೆ ಆಕಾಶದಲ್ಲಿ ಎಷ್ಟು ದೂರ?

ಹುಬ್ಬಳ್ಳಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. 2022ರಲ್ಲಿ ಮಂಗಳೂರಿಗೆ ನೇರ ವಿಮಾನವಿದ್ದಾಗ, ಆಸ್ಪತ್ರೆಗೆ ಹೊರಟಿದ್ದ ಹಿರಿಯರೊಬ್ಬರು ಟಿಕೆಟ್ ಓದಿ ಕೇಳಿದರು: "ಒಂದು ಗಂಟೆ ಐದು ನಿಮಿಷ ಎಂದಿದೆ. ಅಷ್ಟು ಹೊತ್ತು ಆಕಾಶದಲ್ಲೇ ಇರಬೇಕೇನು ತಮ್ಮಾ? ದೂರವೆಷ್ಟು?"

ನನಗೆ ಗೊತ್ತಿದ್ದುದು ರಸ್ತೆಯ ದೂರ. ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಅಲ್ಲಿಂದ ಕಡಲ ಮಗ್ಗುಲಲ್ಲೇ ದಕ್ಷಿಣಕ್ಕೆ. 350 ಕಿ.ಮೀ. ಮೀರುತ್ತದೆ. ಆಕಾಶದ ದೂರ ಗೊತ್ತಿರಲಿಲ್ಲ. ಹದಿನೈದು ವರ್ಷ ಟಿಕೆಟ್ ಮಾರಿದವನಿಗೆ ಇದು ಗೊತ್ತಿರಬೇಕಿತ್ತು ಎನಿಸಿತು. ಅಂದು ರಾತ್ರಿ ಲೆಕ್ಕಕ್ಕೆ ಕುಳಿತೆ.

ಹುಬ್ಬಳ್ಳಿ ವಿಮಾನ ನಿಲ್ದಾಣದ ಅಕ್ಷಾಂಶ 15 ಡಿಗ್ರಿ 22 ನಿಮಿಷ, ಮಂಗಳೂರಿನದು 12 ಡಿಗ್ರಿ 58 ನಿಮಿಷ. ಇಲ್ಲಿ ನಿಮಿಷವೆಂದರೆ ಹೊತ್ತಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು. ವ್ಯತ್ಯಾಸ 144 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ರೇಖಾಂಶದ ವ್ಯತ್ಯಾಸ ಬರೀ 12 ನಿಮಿಷ. ರೇಖಾಂಶಗಳು ಧ್ರುವದತ್ತ ಹೋದಂತೆ ಹತ್ತಿರವಾಗುವುದರಿಂದ ಅದನ್ನು ನಮ್ಮ ಅಕ್ಷಾಂಶದ ಕೊಸೈನ್ ಆದ 0.97ರಿಂದ ಗುಣಿಸಬೇಕು. ಆಮೇಲೆ ಶಾಲೆಯಲ್ಲಿ ಕಲಿತ ಪೈಥಾಗರಸ್ ಪ್ರಮೇಯ ಸಾಕು. ಇಷ್ಟು ಸಣ್ಣ ದೂರಕ್ಕೆ ಭೂಮಿಯ ದುಂಡಗಿನ ಆಕಾರ ಲೆಕ್ಕ ಕೆಡಿಸುವುದಿಲ್ಲ. ಉತ್ತರ 144.5 ನಾಟಿಕಲ್ ಮೈಲು, ಸುಮಾರು 268 ಕಿ.ಮೀ. ಮಂಗಳೂರು ನಮಗೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ ಎಂದು ಅಂದೇ ತಿಳಿದದ್ದು. ನಕ್ಷೆ ನೋಡಿದ್ದರೂ ಕರಾವಳಿ ಎಂದರೆ ಪಶ್ಚಿಮ ಎಂಬ ಭಾವನೆ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ಸಮಯ ಮಾತ್ರ ಹೊಂದಲಿಲ್ಲ. ಈ ಮಾರ್ಗದಲ್ಲಿದ್ದ ಎಟಿಆರ್ 72, ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ, ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ. ಆ ಲೆಕ್ಕಕ್ಕೆ 32 ನಿಮಿಷ ಸಾಕು. ಉಳಿದ ಅರ್ಧ ಗಂಟೆ ಎಲ್ಲಿಗೆ ಹೋಯಿತು?

ಮುಂದಿನ ತಿಂಗಳು ನಾನೇ ಗಡಿಯಾರ ನೋಡುತ್ತ ಪ್ರಯಾಣ ಮಾಡಿದೆ. ನಿಂತಲ್ಲಿಂದ ಹೊರಟು ರನ್‌ವೇ ಬಿಡಲು ಒಂಬತ್ತು ನಿಮಿಷ. ಹಾರಾಟ 43 ನಿಮಿಷ. ಇಳಿದು ನಿಲ್ಲಲು ಐದು. ಟಿಕೆಟ್‌ನಲ್ಲಿರುವುದು ನಿಲ್ದಾಣದಲ್ಲಿ ಚಕ್ರ ಕದಲಿದಾಗಿನಿಂದ ಮತ್ತೆ ನಿಲ್ಲುವವರೆಗಿನ ಹೊತ್ತು, ಮೇಲೆ ಸ್ವಲ್ಪ ಹೆಚ್ಚುವರಿ. ಹಾರಾಟವೂ ನೇರ ಗೆರೆಯಲ್ಲ. ಹುಬ್ಬಳ್ಳಿಯ ರನ್‌ವೇ ಪೂರ್ವ-ಪಶ್ಚಿಮ, ಮಂಗಳೂರಿನದು ಈಶಾನ್ಯ-ನೈರುತ್ಯ. ದಕ್ಷಿಣಕ್ಕೆ ಹೋಗುವ ವಿಮಾನ ಗಾಳಿಗೆ ಎದುರಾಗಿ ಏರಿ ತಿರುಗಬೇಕು, ಗುಡ್ಡದ ಮೇಲಿನ ಆ ರನ್‌ವೇಗೆ ಇಳಿಯುವಾಗ ಮತ್ತೆ ತಿರುಗಬೇಕು. ಏರುವಾಗ, ಇಳಿಯುವಾಗ ವೇಗವೂ ಕಡಿಮೆ.

ಅಂದಿನಿಂದ ಸಣ್ಣ ನಿಲ್ದಾಣಗಳ ನಡುವಿನ ಎಟಿಆರ್ ಪ್ರಯಾಣಕ್ಕೆ ನಾನು ಹೀಗೆ ಅಂದಾಜಿಸುತ್ತೇನೆ: ನೇರ ದೂರವನ್ನು 500ರಿಂದ ಭಾಗಿಸಿ ಬಂದ ಹೊತ್ತಿಗೆ ಅರ್ಧ ಗಂಟೆ ಕೂಡಿಸುವುದು. ಮೈಸೂರು ಇಲ್ಲಿಂದ ನೇರ 387 ಕಿ.ಮೀ., ಹಾಗಾಗಿ ಒಂದೂಕಾಲು ಗಂಟೆ.

ಆ ಹಿರಿಯರು ಮರುತಪಾಸಣೆಗೆ ಹೊರಟಾಗ ಮತ್ತೆ ಅಂಗಡಿಗೆ ಬಂದರು. ದೂರ ಹೇಳಿದೆ. ಜೊತೆಗೆ, ಮನೆಯಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಹೋಗುವ ಹೊತ್ತು, ಭದ್ರತಾ ತಪಾಸಣೆ, ಅಲ್ಲಿ ಇಳಿದ ಮೇಲೆ ಮಂಗಳೂರಿನ ನಿಲ್ದಾಣವಿರುವ ಕೆಂಜಾರಿನಿಂದ ಪೇಟೆಗೆ ಟ್ಯಾಕ್ಸಿ, ಎಲ್ಲ ಸೇರಿಸಿ ನಾಲ್ಕು ಗಂಟೆ ಹಿಡಿಯಿರಿ ಎಂದೆ. ಅವರು ಅಂಗಡಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ, ಹನ್ನೊಂದು ಗಂಟೆಯ ಭೇಟಿಯನ್ನು ಮಧ್ಯಾಹ್ನ ಎರಡಕ್ಕೆ ಹಾಕಿಸಿಕೊಂಡರು.