ಕರಾವಳಿ ಮನೆಯ ಗ್ಯಾರೇಜಿನಲ್ಲಿ ಕೆಲಸದ ಜಾಗ: ಮೊದಲು ತೇವ ನಿಲ್ಲಲಿ, ಆಮೇಲೆ ಬೆಂಚು

ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಡಿದು, ನಿವೃತ್ತಿಯ ಮೇಲೆ ಸುರತ್ಕಲ್, ಕಾಪು, ಮಲ್ಪೆ ಕಡೆ ಮನೆ ಮಾಡಿದವರಿಗೆ ಖಾಲಿ ಗ್ಯಾರೇಜು ಕಂಡ ಕೂಡಲೇ ಕೈ ತುರಿಸುತ್ತದೆ. ಒಂದು ಬೆಂಚು, ಸಾಮಾನು ಬಿಗಿಹಿಡಿಯಲು ಒಂದು ವೈಸು, ಗೋಡೆ ತುಂಬ ಸಲಕರಣೆ ಎಂದು ಲೆಕ್ಕ ಶುರುವಾಗುತ್ತದೆ. ಈ ಊರಿನಲ್ಲಿ ಆ ಲೆಕ್ಕವನ್ನು ತಿರುಗಿಸಿ ಹಾಕಬೇಕು. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಅದರ ಜೊತೆಗೆ ಕಡಲಿನ ಉಪ್ಪುಗಾಳಿ, ನೆಲದಡಿಯ ಒರಲೆ. ಈ ಮೂರಕ್ಕೆ ದಾರಿ ಮಾಡಿದ ಮೇಲೆ ಬೆಂಚಿನ ಮಾತು, ಸಲಕರಣೆ ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಮಾಡು, ನೆಲ, ಗೋಡೆಯ ಕೆಲಸವೆಲ್ಲ ಪತ್ತನಾಜೆಯೊಳಗೆ, ಅಂದರೆ ಮೇ 24ರ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳಿ. ಮಳೆ ಹಿಡಿದ ಮೇಲೆ ಹಚ್ಚಿದ ಬಣ್ಣವೂ ಸಿಮೆಂಟೂ ಸರಿಯಾಗಿ ಒಣಗುವುದಿಲ್ಲ.

ಗ್ಯಾರೇಜಿನ ನೆಲ ಅಂಗಳಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರವಿದ್ದು, ಬಾಗಿಲಿನ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರಾಗಿರಬೇಕು. ನೆಲದಿಂದ ತೇವ ಏರುತ್ತಿದೆಯೋ ಎಂದು ತಿಳಿಯಲು ಅರ್ಧ ಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ಅಥವಾ ಸಿಮೆಂಟು ಕಪ್ಪಾಗಿದ್ದರೆ ನೀರು ಬರುತ್ತಿರುವುದು ನೆಲದೊಳಗಿಂದ. ಹಾಳೆಯ ಮೇಲ್ಮೈ ಮಾತ್ರ ಒದ್ದೆಯಿದ್ದರೆ ಅದು ಗಾಳಿಯ ತೇವ. ನೆಲದಿಂದ ಏರುವ ನೀರಿಗೆ ಒಳಗಿನಿಂದ ಎಪಾಕ್ಸಿ ಬಣ್ಣ ಬಳಿದರೆ ಒಂದೇ ಮಳೆಗಾಲದಲ್ಲಿ ಗುಳ್ಳೆ ಎದ್ದು ಸಿಪ್ಪೆಯಂತೆ ಸುಲಿಯುತ್ತದೆ. ಹೊರಗಿನ ಗೋಡೆಯುದ್ದಕ್ಕೂ ಒಂದಡಿ ಆಳದ ಚರಂಡಿ ತೋಡಿ ಜಲ್ಲಿ ತುಂಬಿ, ಮಾಡಿನ ನೀರನ್ನು ಪೈಪಿನಲ್ಲಿ ದೂರ ಹಾಯಿಸುವುದೇ ಸರಿಯಾದ ದಾರಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಬೇಡ. ಸುತ್ತಿಗೆ ಬಿದ್ದರೆ ಒಡೆಯುತ್ತದೆ, ಒದ್ದೆಯಾದರೆ ಜಾರುತ್ತದೆ, ಅರುವತ್ತು ದಾಟಿದವರಿಗೆ ಜಾರುವ ನೆಲಕ್ಕಿಂತ ಕೆಟ್ಟದ್ದು ಇಲ್ಲ. ಒರಟಾಗಿ ತೀಡಿದ ಸಿಮೆಂಟು ನೆಲವೇ ಸಾಕು.

ಮಂಗಳೂರು ಹೆಂಚಿನ ಮಾಡಾದರೆ ಏಪ್ರಿಲಿನಲ್ಲೇ ಒಡೆದ ಹೆಂಚು ಬದಲಿಸಿ, ಹೆಂಚು ಹೊರುವ ಮರದ ಪಕ್ಕಾಸು, ರೀಪುಗಳನ್ನು ಚೂಪು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಒಳಗೆ ಒರಲೆಯೋ ಕುಂಬೋ (ಕೊಳೆತ) ಇದೆ. ತಗಡಿನ ಶೀಟಾದರೆ ಸೋರಿಕೆ ಇಲ್ಲದೆಯೂ ಹನಿ ಬೀಳುತ್ತದೆ. ಮಳೆಯಿಂದ ತಣ್ಣಗಾದ ತಗಡಿಗೆ ಒಳಗಿನ ಬೆಚ್ಚಗಿನ ಒದ್ದೆಗಾಳಿ ತಾಗಿ ನೀರಾಗುವುದು ಅದಕ್ಕೆ ಕಾರಣ. ಶೀಟಿನ ಅಡಿಗೆ 10 ಮಿಲಿಮೀಟರಿನ ಫಾಯಿಲ್ ಹಚ್ಚಿದ ಫೋಮ್ ಅಂಟಿಸಿದರೆ ಹನಿ ನಿಲ್ಲುತ್ತದೆ, ಬೇಸಿಗೆಯ ಸೆಕೆಯೂ ಕಡಿಮೆ. ಹಳೆಯ ಸಿಮೆಂಟು ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದನ್ನು ಕೊರೆಯಬೇಡಿ, ಕತ್ತರಿಸಬೇಡಿ, ಉಜ್ಜಬೇಡಿ. ಎರಚಲು ಹೊಡೆಯುವುದು ನೈಋತ್ಯದಿಂದ. ಆ ಬದಿಯ ಸೂರು ಗೋಡೆಯಿಂದ 90 ಸೆಂಟಿಮೀಟರಾದರೂ ಮುಂದೆ ಚಾಚಿರಲಿ. ಚಾಚಲು ಜಾಗವಿಲ್ಲದಿದ್ದರೆ ಹಿಂದಿನವರು ಮಡಲಿನ ತಟ್ಟಿ ಕಟ್ಟುತ್ತಿದ್ದ ಕಡೆ ಈಗ ಪಾಲಿಕಾರ್ಬೊನೇಟ್ ಶೀಟನ್ನು ಬಿಚ್ಚಿ ಹಾಕುವಂತೆ ಕೂರಿಸಬಹುದು. ಶಟರಿನ ಕೆಳ ಅಂಚಿಗೆ ರಬ್ಬರ್ ಪಟ್ಟಿ, ನೀರು ಹೋಗುವ ತೂತುಗಳಿಗೆ 6 ಮಿಲಿಮೀಟರಿನ ಜಾಲರಿ ಹಾಕಿ. ಇಲಿ ಬಂದರೆ ವಯರು ಕಡಿಯುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಮಳೆಗಾಲದಲ್ಲಿ ಒದ್ದೆ ಕಾರನ್ನು ಅದೇ ಕೋಣೆಯೊಳಗೆ ತಂದು ನಿಲ್ಲಿಸುವುದು ದೊಡ್ಡ ತಪ್ಪು. ಕಾರಿನಿಂದ ಇಳಿದ ನೀರೆಲ್ಲ ಆವಿಯಾಗಿ ನಿಮ್ಮ ಉಳಿ, ಕೊರೆಯುವ ಬಿಟ್ಟುಗಳ ಮೇಲೆ ಕೂರುತ್ತದೆ. ಆ ನಾಲ್ಕು ತಿಂಗಳು ಕಾರು ಪೋರ್ಟಿಕೋದಲ್ಲಿರಲಿ. ಬೇರೆ ಜಾಗವೇ ಇಲ್ಲದವರು ನಡುವೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಡಿ.

ತುಕ್ಕಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರ ದುಡ್ಡು ಹೆಚ್ಚು ಹಾಳಾಗುವುದು ಇದರಲ್ಲೇ. ಗಾಳಿಯ ತೇವ ಶೇಕಡಾ 65 ದಾಟಿದರೆ ಬರಿಯ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಅದರ ಮೇಲೆ ಉಪ್ಪು ಕೂತಿದ್ದರೆ ಅದಕ್ಕಿಂತ ಕಡಿಮೆ ತೇವದಲ್ಲೂ ಹಿಡಿಯುತ್ತದೆ, ಏಕೆಂದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಬೆರಳಿನ ಬೆವರೂ ಉಪ್ಪೇ. ಆದ್ದರಿಂದ ಉಪಯೋಗಿಸಿದ ಸಲಕರಣೆಗೆ ನೇರ ಎಣ್ಣೆ ಹಚ್ಚಬೇಡಿ. ಮೊದಲು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಆಮೇಲೆ ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ಉಪ್ಪಿನ ಮೇಲೆ ಎಣ್ಣೆ ಬಿದ್ದರೆ ತುಕ್ಕು ಎಣ್ಣೆಯ ಅಡಿಯಲ್ಲೇ ಮುಂದುವರಿಯುತ್ತದೆ. ಮನೆಯಲ್ಲಿ ಧಾರಾಳ ಇದೆಯೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಕಮಟು ಹಿಡಿದು ಹುಳಿಯಾಗಿ ಹಿತ್ತಾಳೆ, ತಾಮ್ರಕ್ಕೆ ಹಸಿರು ಕಿಲುಬು ತರುತ್ತದೆ. ಸಾಮಾನು ಸಾಗಿಸಿದ ರಟ್ಟಿನ ಪೆಟ್ಟಿಗೆ, ಸುತ್ತಿದ ಪತ್ರಿಕೆ, ಸ್ಪಂಜು, ತೊಗಲಿನ ಚೀಲ ಎಲ್ಲವೂ ತೇವ ಹಿಡಿದಿಡುತ್ತವೆ; ಬಂದ ವಾರದಲ್ಲೇ ಬಿಡಿಸಿ ಹೊರಗೆ ಹಾಕಿ.

ಕಿಟಕಿ ತೆರೆದಿಟ್ಟು ಫ್ಯಾನು ಹಾಕಿದರೆ ಒಣಗುತ್ತದೆ ಎಂಬ ನಂಬಿಕೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಲಸಕ್ಕೆ ಬರುವುದಿಲ್ಲ, ಹೊರಗಿನ ಗಾಳಿಯೇ ಒದ್ದೆ. ಒಳ್ಳೆಯ ಸಲಕರಣೆಗೆ ಬೆಚ್ಚಗಿನ ಕಪಾಟು ಬೇಕು. 18 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ 90 ಸೆಂಟಿಮೀಟರ್ ಎತ್ತರ, 60 ಅಗಲ, 30 ಆಳದ ಕಪಾಟು ಮಾಡಿಸಿ, ಕೆಳಗಿನ ಖಾನೆಯಲ್ಲಿ ಪಿಂಗಾಣಿ ಹೋಲ್ಡರಿಗೆ ತಂತಿ ಉರಿಯುವ ಹಳೆಯ ಮಾದರಿಯ 40 ವಾಟ್ ಬಲ್ಬು ಹಾಕಿ. ಎಲ್‌ಇಡಿ ಬಲ್ಬಿನಲ್ಲಿ ಬೇಕಾದಷ್ಟು ಶಾಖವಿಲ್ಲ. ಒಳಗೆ ಆರೇಳು ಡಿಗ್ರಿ ಹೆಚ್ಚಿದರೆ ಹೊರಗೆ ಶೇಕಡಾ 95 ಇರುವ ತೇವ ಒಳಗೆ 65ರ ಹತ್ತಿರಕ್ಕೆ ಇಳಿಯುತ್ತದೆ; ಒಂದು ಚಿಕ್ಕ ಡಿಜಿಟಲ್ ತೇವಮಾಪಕ ಒಳಗಿಟ್ಟು ನೋಡಿಕೊಳ್ಳಿ. ಇದೇ ಬಲ್ಬನ್ನು ದೊಡ್ಡ ಸ್ಟೀಲ್ ಕಪಾಟಿನಲ್ಲಿಟ್ಟರೆ ಒಂದೆರಡು ಡಿಗ್ರಿಯೂ ಏರುವುದು ಕಷ್ಟ, ತಗಡು ಶಾಖವನ್ನೆಲ್ಲ ಹೊರಗೆ ಬಿಟ್ಟುಬಿಡುತ್ತದೆ. ಹಗಲಿರುಳು ಉರಿದರೂ ದಿನಕ್ಕೆ ಸುಮಾರು ಒಂದು ಯೂನಿಟ್ ಕರೆಂಟು. ಬಲ್ಬಿಗೆ ಏನೂ ತಾಗದಂತೆ ಸುತ್ತ ಖಾಲಿ ಇರಲಿ, ತಂತಿಜಾಲರಿಯ ಗೂಡು ಕಟ್ಟಿ. ಬಟ್ಟೆ, ಕಾಗದ, ಸ್ಪ್ರೇ ಡಬ್ಬಿ ಆ ಕಪಾಟಿನಲ್ಲಿ ಇಡಲೇಬಾರದು. ಬಿಡಿ ಡಬ್ಬಿಗಳಿಗೆ ಸಿಲಿಕಾ ಜೆಲ್ ಸಾಕು. ನೀಲಿ ಮಣಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ನೀಲಿ ಬರುವ ತನಕ ಒಣಗಿಸಿ. ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆ ಬಳಸಬೇಡಿ.

ಒರಲೆ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಏರುತ್ತದೆ. ಅದು ಕಾಣಬೇಕಾದರೆ ಗೋಡೆ ಕಾಣುತ್ತಿರಬೇಕು. ಕಪಾಟು, ಬೆಂಚು ಯಾವುದನ್ನೂ ಗೋಡೆಗೆ ತಾಗಿಸದೆ 5 ಸೆಂಟಿಮೀಟರ್ ಬಿಡಿ, ಮರವನ್ನು ನೆಲಕ್ಕೆ ಇಡಬೇಡಿ. ಬೆಂಚಿನ ಕಾಲಡಿಗೆ ಕಾರ್ಕಳದ ಕರಿಕಲ್ಲಿನ ತುಂಡು ಕೊಟ್ಟರೆ ತೇವವೂ ಏರದು. ಮಾವಿನ ಹಲಗೆ, ರಬ್ಬರ್ ಮರ ಅಗ್ಗ, ಆದರೆ ಕುಟ್ಟೆಹುಳಕ್ಕೆ ಪ್ರೀತಿಯ ಊಟ. ಕಾಲಿಗೆ ಹಲಸು, ಬೋಗಿ ಅಥವಾ 50 ಮಿಲಿಮೀಟರ್ ಚೌಕದ ಕಬ್ಬಿಣದ ಕೊಳವೆ ಒಳ್ಳೆಯದು.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಭಾರ ತೂಗಿಸುವಾಗ ಜಾಗ್ರತೆ. ಕಲ್ಲು ತೂತುತೂತು, ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ಗು ತಿರುಗಿ ಕಳಚುತ್ತದೆ. 10 ಮಿಲಿಮೀಟರ್ ದಪ್ಪ, 100 ಉದ್ದದ ಫ್ರೇಮ್ ಫಿಕ್ಸಿಂಗ್ ಪ್ಲಗ್ಗು ಬಳಸಿ. ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ ಬರಿಯ ತಿರುಗುವಿಕೆಯಲ್ಲೇ ಕೊರೆಯಿರಿ, ಹೊಡೆತಕ್ಕೆ ಕಲ್ಲು ಉದುರಿ ತೂತು ಅಗಲವಾಗುತ್ತದೆ. ಧೂಳು ಊದಿ ತೆಗೆದು ಆಮೇಲೆ ಪ್ಲಗ್ಗು ಹೊಡೆಯಿರಿ. ಅಷ್ಟಾದರೂ ಭಾರವನ್ನೆಲ್ಲ ನೆಲದ ಮೇಲೆ ನಿಲ್ಲುವ ರ್‍ಯಾಕಿಗೇ ಕೊಡುವುದು ಜಾಣತನ. ಕಡಲಿಗೆ ಹತ್ತಿರದ ಮನೆಯಲ್ಲಿ ಹಳದಿ ಲೇಪದ ಸ್ಕ್ರೂಗಳು ಬಹಳ ದಿನ ಬಾಳವು. ಹೊರಬದಿಗೆ 316 ದರ್ಜೆಯ ಸ್ಟೇನ್‌ಲೆಸ್ ತನ್ನಿ, 304ರ ಮೇಲೆ ಕಂದು ಕಲೆ ಬರುತ್ತದೆ.

ಇನ್ನು ಬೆಂಚು. ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಸಾಕು. ಅದಕ್ಕಿಂತ ಅಗಲವಾದರೆ ಹಿಂದಿನ ಸಾಮಾನಿಗೆ ಬಾಗಿ ಸೊಂಟ ನೋಯುತ್ತದೆ. ಕೆಲಸಕ್ಕೆ ಹಾಕುವ ಚಪ್ಪಲಿಯಲ್ಲೇ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅದೇ ಬೆಂಚಿನ ಎತ್ತರ. ಐದೂವರೆ ಅಡಿಯವರಿಗೆ 83 ಸೆಂಟಿಮೀಟರಿನ ಆಸುಪಾಸು. ಮೇಲ್ಹಲಗೆಗೆ ನೀರು ತಾಳುವ, ಐಎಸ್ 710 ಗುರುತಿನ 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ ಅಂಟಿಸಿ ಸ್ಕ್ರೂ ಹಾಕಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ತೇವಕ್ಕೆ ಊದಿಕೊಳ್ಳುತ್ತದೆ. ಪ್ಲೈವುಡ್ಡಿಗೆ ನೀರು ಇಳಿಯುವುದು ಕತ್ತರಿಸಿದ ಅಂಚಿನಿಂದ, ಹಾಗಾಗಿ ಅಂಚಿಗೆ ಎರಡು ಕೈ ಎನಾಮಲ್ ಹೊಡೆಯದೆ ಬೆಂಚು ಕೂರಿಸಬೇಡಿ. ಇಡೀ ಮರದ ಹಲಗೆಯೇ ಬೇಕೆಂದರೆ ಅಗಲಕ್ಕೆ ಎಡೆ ಬಿಡಿ. ಗಾಳಿಯ ತೇವ 65 ಇದ್ದಾಗ ಮರದಲ್ಲಿ ಶೇಕಡಾ 12ರಷ್ಟು ನೀರು, 90ಕ್ಕೆ ಏರಿದಾಗ 20ರ ಹತ್ತಿರ. ಒಂದಡಿ ಅಗಲದ ತೇಗದ ಹಲಗೆಯೂ ಅಷ್ಟಕ್ಕೆ ನಾಲ್ಕು ಮಿಲಿಮೀಟರಿನಷ್ಟು ಹಿಗ್ಗಬಹುದು. ಬೆಂಗಳೂರಿನಿಂದ ತಂದ ಮೇಜಿನ ಡ್ರಾಯರು ಜುಲೈಯಲ್ಲಿ ಬಿಗಿದುಕೊಳ್ಳುವುದು ಇದಕ್ಕೇ. ಆಗ ಕೀಸಲು ಹೋಗಬೇಡಿ, ಡಿಸೆಂಬರಿನಲ್ಲಿ ಅದು ಸಡಿಲವಾಗಿ ಅಲುಗಾಡುತ್ತದೆ. ಬದಿಗೆ ಮೇಣ ಉಜ್ಜಿ ಕಾಯಿರಿ.

ವೈಸು 4 ಇಂಚಿನದ್ದು ಮನೆಗೆ ಸಾಕು. ಅದನ್ನು ಬೆಂಚಿನ ನಡುವೆ ಕೂರಿಸಬೇಡಿ. ಬಲಗೈಯವರಾದರೆ ಬಲ ತುದಿಯಲ್ಲಿ, ಕಾಲಿನ ನೇರ ಮೇಲೆ ಬರಬೇಕು. ಒಳದವಡೆ ಬೆಂಚಿನ ಅಂಚಿಗಿಂತ ತುಸು ಹೊರಗಿದ್ದರೆ ಉದ್ದದ ಸಲಾಕೆಯನ್ನು ನೆಟ್ಟಗೆ ಹಿಡಿಸಬಹುದು. ಹಲಗೆಯ ಆಚೆಗೆ ಹೊರಡುವ ಬೋಲ್ಟು, ಅಡಿಯಲ್ಲಿ ಅಗಲದ ವಾಶರು ಹಾಕಿ. ಮರದ ಸ್ಕ್ರೂ ಎಳೆತಕ್ಕೆ ನಿಲ್ಲುವುದಿಲ್ಲ. ಹತ್ತು ಕಿಲೋ ಮೀರಿದ ಯಾವ ಸಾಮಾನನ್ನೂ ಮೊಣಕಾಲಿಗಿಂತ ಕೆಳಗೆ, ಎದೆಗಿಂತ ಮೇಲೆ ಇಡಬೇಡಿ.

ವಯರಿಂಗ್ ಲೈಸೆನ್ಸಿನವರಿಂದಲೇ ಆಗಬೇಕು, ಆದರೆ ಏನು ಬೇಕೆಂದು ಕೇಳುವುದು ನಿಮ್ಮ ಕೆಲಸ. ಗ್ಯಾರೇಜಿಗೆ ಬೇರೆಯೇ ಸರ್ಕ್ಯೂಟು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು), 16 ಆಂಪಿಯರಿನ ಸಾಕೆಟ್ಟಿಗೆ 4 ಚದರ ಮಿಲಿಮೀಟರಿನ ತಾಮ್ರದ ವಯರು, ಬಾಗಿಲ ಬಳಿ ಎಲ್ಲವನ್ನೂ ಆರಿಸುವ ಒಂದು ಸ್ವಿಚ್ಚು. ಸಾಕೆಟ್ಟುಗಳು ನೆಲದಿಂದ 1.2 ಮೀಟರ್ ಮೇಲೆ, ಎರಚಲು ಹೊಡೆಯದ ಗೋಡೆಯಲ್ಲಿ, ಹೊರಮೈ ಪೈಪಿನಲ್ಲಿ ಬರಲಿ. ನೆನೆದ ಗೋಡೆಯೊಳಗಿನ ಪೆಟ್ಟಿಗೆಯಲ್ಲಿ ನೀರು ಸೇರಿ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆ. ಬಿತ್ತೆಂದು ಅದನ್ನು ತಪ್ಪಿಸಿ ನೇರ ಕೊಡಿಸುವುದು ಪ್ರಾಣಕ್ಕೆ ಅಪಾಯ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಮುರಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಸೋಲುತ್ತದೆ, ಫೆಬ್ರವರಿಯಿಂದ ಮೇವರೆಗೆ ಅರ್ಥ್ ಗುಂಡಿಗೆ ನೀರು ಹೊಯ್ಯುತ್ತಿರಿ. ಕಂಪ್ರೆಸರ್, ವೆಲ್ಡಿಂಗ್ ಸೆಟ್ ತರುವುದಾದರೆ ಮಂಜೂರಾದ ಲೋಡು ಎಷ್ಟೆಂದು ಮೆಸ್ಕಾಂ ಬಿಲ್ಲಿನಲ್ಲಿ ನೋಡಿ. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್ ಸಂಜೆಗಳ ಸಿಡಿಲಿಗೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿಡಿ. ಯಂತ್ರ ಓಡುವಾಗ ಕರೆಂಟು ಹೋದರೆ ಮೊದಲು ಯಂತ್ರದ ಸ್ವಿಚ್ಚು ಆಫ್ ಮಾಡಿ. ಮರೆತರೆ ಕರೆಂಟು ಬಂದ ಕ್ಷಣ ಗ್ರೈಂಡರು ತಾನೇ ಎದ್ದು ತಿರುಗುತ್ತದೆ.

ಬೆಳಕಿಗೆ ಜಿಪುಣತನ ಬೇಡ. ಅರುವತ್ತರ ಕಣ್ಣಿನೊಳಗೆ ಇಪ್ಪತ್ತರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಪಾಲು ಬೆಳಕು ಮಾತ್ರ ತಲುಪುತ್ತದೆ. ನಾಲ್ಕಡಿಯ 20 ವಾಟ್ ಎಲ್‌ಇಡಿ ಎರಡು, ಒಂದು ಬೆಂಚಿನ ಮುಂದೆ, ಇನ್ನೊಂದು ಎಡಬದಿಗೆ, ನೆರಳು ಕೈಮೇಲೆ ಬೀಳದಂತೆ. ಜೊತೆಗೆ ಬಾಗುವ ಕತ್ತಿನ ಒಂದು ದೀಪ. ದೀಪಗಳು ಇನ್ವರ್ಟರಿಗೆ ಇರಲಿ, ಯಂತ್ರಗಳು ಬೇಡ.

ಕೆಲಸವನ್ನೂ ಕಾಲ ನೋಡಿ ಹಂಚಿ. ಪಾಲಿಶು, ಲ್ಯಾಕರು ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಮಳೆಯಲ್ಲಿ ಹೊಡೆದರೆ ತೇವ ಒಳಗೆ ಸಿಕ್ಕಿ ಬಿಳಿ ಮೋಡ ಕಟ್ಟುತ್ತದೆ. ಬಿಳಿ ಮರದಂಟು ಮಳೆಗಾಲದಲ್ಲಿ ಹಿಡಿಯಲು ಎರಡು ಪಟ್ಟು ಹೊತ್ತು ಕೊಡಿ, ಕ್ಲ್ಯಾಂಪು ರಾತ್ರಿಯಿಡೀ ಇರಲಿ. 6013 ವೆಲ್ಡಿಂಗ್ ಕಡ್ಡಿ ಒದ್ದೆಯಾದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ, 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಹರಿತ ಮಾಡುವುದು, ಹಿಡಿ ಬದಲಿಸುವುದು, ನಟ್ಟುಬೋಲ್ಟು ವಿಂಗಡಿಸುವುದು ಆಟಿಯ ಕೆಲಸ.

ಸಲಕರಣೆಯನ್ನು ಪಟ್ಟಿ ಮಾಡಿ ಒಟ್ಟಿಗೆ ತರಬೇಡಿ. ಮನೆಯ ನಲ್ಲಿ, ಬಾಗಿಲು, ಪಂಪು ಕೇಳಿದಾಗ ಒಂದೊಂದಾಗಿ ಬರಲಿ; ಮಂಗಳೂರಿನವರಿಗೆ ಬಂದರಿನ ಅಂಗಡಿಗಳಲ್ಲಿ ಬಿಡಿಯಾಗಿ ಎಲ್ಲವೂ ಸಿಗುತ್ತದೆ. ತಿನ್ನರ್, ಪೆಟ್ರೋಲನ್ನು ಗ್ಯಾರೇಜಿನಲ್ಲಿ ಕೂಡಿಡಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದುಡಿ ಮೂಲೆಗೆ ಎಸೆದರೆ ಎಣ್ಣೆ ಗಾಳಿಯೊಂದಿಗೆ ಸೇರಿ ಬಿಸಿಯೇರಿ ತಾನೇ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹಗ್ಗಕ್ಕೆ ಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿ. ಎಬಿಸಿ ಪುಡಿಯ ಬೆಂಕಿ ಆರಿಸುವ ಸಿಲಿಂಡರನ್ನು ಬೆಂಚಿನ ಹಿಂದೆ ತೂಗಿಸದೆ ಬಾಗಿಲ ಬಳಿ ತೂಗಿಸಿ, ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಆರ್‌ಸಿಸಿಬಿ ಗುಂಡಿ ಒತ್ತುವ ದಿನವೇ ನೋಡಿಬಿಡಿ.